ಪಾರ್ಲರಿನಲ್ಲಿ ಕೂದಲು ಕೆಟ್ಟರೆ, ಚರ್ಮ ಸುಟ್ಟರೆ, ದುಡ್ಡು ಹೋದರೆ: ಕುರ್ಚಿಯಿಂದ ಗ್ರಾಹಕರ ಆಯೋಗದವರೆಗೆ

ಪಾರ್ಲರಿನಲ್ಲಿ ಆಗುವ ಅನಾಹುತಗಳು ಹೆಚ್ಚುಕಡಿಮೆ ಒಂದೇ ತರಹ ಮುಗಿಯುತ್ತವೆ. ಕನ್ನಡಿಯಲ್ಲಿ ತನ್ನ ತಲೆ ನೋಡಿ ಎದೆ ಧಸಕ್ಕೆಂದರೂ, "ಹೇಗಿದೆ ಮೇಡಂ?" ಎಂದು ಕೇಳಿದ ತಕ್ಷಣ ಬಾಯಿಂದ "ಚೆನ್ನಾಗಿದೆ" ಅಂತಲೇ ಬರುತ್ತದೆ. ದುಡ್ಡು ಕೊಟ್ಟು, ಮೇಲೆ ಟಿಪ್ಸನ್ನೂ ಇಟ್ಟು, ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅಳುವುದು. ಗಂಡಸರೇನೂ ಕಮ್ಮಿಯಿಲ್ಲ, ಅವರು ಅಳುವ ಬದಲು ಒಂದು ತಿಂಗಳು ಟೋಪಿ ಹಾಕಿಕೊಂಡು ಓಡಾಡುತ್ತಾರೆ.

ಈ ದಾಕ್ಷಿಣ್ಯವೇ ಮೊದಲ ಶತ್ರು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗವಿಲ್ಲ ಅನ್ನುವ ಗಾದೆಯನ್ನು ಹೇಳಿದವರು ಸ್ಮೂತನಿಂಗ್ ಮಾಡಿಸಿಕೊಂಡಿರಲಿಲ್ಲ, ಆದರೂ ಸರಿಯಾಗಿಯೇ ಹೇಳಿದ್ದಾರೆ. ಕೆಳಗಿನ ಹಂತಗಳನ್ನು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಪಾರ್ಲರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾನೂನಿನ ಭಾಗ ಇಡೀ ದೇಶಕ್ಕೆ ಒಂದೇ.

1. ಬೆಲೆ ಮೊದಲು, ಕುರ್ಚಿ ಆಮೇಲೆ

ದೊಡ್ಡ ಸಲೂನುಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಸಾಮಾನ್ಯವಾಗಿ ಒಂದು ಸಂಬಳ, ಅದರ ಮೇಲೆ ತಿಂಗಳ ಟಾರ್ಗೆಟ್, ಟಾರ್ಗೆಟ್ ದಾಟಿದರೆ ಇನ್ಸೆಂಟಿವ್ ಇರುತ್ತದೆ. ಇದು ಗೊತ್ತಿದ್ದರೆ ಅಲ್ಲಿ ಆಡುವ ಅರ್ಧ ಮಾತುಗಳ ಮೂಲ ತಿಳಿಯುತ್ತದೆ. "ನಿಮ್ಮ ಕೂದಲು ತುಂಬಾ ಡ್ರೈ ಆಗಿದೆ ಮೇಡಂ", "ಟ್ಯಾನ್ ಜಾಸ್ತಿ ಇದೆ, ಬರೀ ಕ್ಲೀನಪ್ ಸಾಲಲ್ಲ", "ಡ್ಯಾಂಡ್ರಫ್ ಇದೆ, ಸ್ಪಾ ಮಾಡಿಸಿ". ಪಾಪ, ಅವರ ಹೊಟ್ಟೆಪಾಡು. ಆದರೆ ಅದನ್ನು ವೈದ್ಯರ ಸಲಹೆ ಎಂದುಕೊಳ್ಳಬೇಕಿಲ್ಲ. "ಇವತ್ತು ಬರೀ ಕಟಿಂಗ್ ಸಾಕು" ಎಂದು ನಗುತ್ತಲೇ ಹೇಳಿ, ಎಷ್ಟು ಸಲ ಕೇಳಿದರೂ ಅದೇ ಉತ್ತರ ಕೊಡಿ. ಕಾರಣ ಕೊಡಬೇಡಿ. "ಟೈಮಿಲ್ಲ" ಅಂದರೆ "ಹತ್ತೇ ನಿಮಿಷ" ಅನ್ನುತ್ತಾರೆ, "ದುಡ್ಡಿಲ್ಲ" ಅಂದರೆ ಆಫರ್ ತೆಗೆಯುತ್ತಾರೆ.

ಬೆಲೆಯ ಜಗಳ ಹೆಚ್ಚಾಗಿ ಉದ್ದದ ಹೆಸರಿನಲ್ಲಿ ಬರುತ್ತದೆ. ಬೋರ್ಡಿನ ಮೇಲೆ "ಸ್ಮೂತನಿಂಗ್ 3,999ರಿಂದ" ಅಂತಿರುತ್ತದೆ. ಆ "ರಿಂದ" ಎನ್ನುವುದು ಭುಜ ಮುಟ್ಟದ, ತೆಳ್ಳನೆಯ ಕೂದಲಿಗೆ. ಸೊಂಟದವರೆಗೆ ಜಡೆ ಇರುವವರಿಗೆ ಬಿಲ್ಲು ಎರಡು ಮೂರು ಪಟ್ಟು ಆಗಬಹುದು, ಅದೂ ಅರ್ಧ ತಲೆಗೆ ಕ್ರೀಮ್ ಹಚ್ಚಿದ ಮೇಲೆ ಗೊತ್ತಾಗುತ್ತದೆ. ಅದಕ್ಕೆ ಹಿಂದಿನ ದಿನವೇ ಕೂದಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಇಷ್ಟು ಕೇಳಿ: "ಈ ಉದ್ದಕ್ಕೆ, ಎಲ್ಲಾ ಸೇರಿ, ಜಿಎಸ್‌ಟಿ ಸೇರಿ ಎಷ್ಟು? ಯಾವ ಕಂಪನಿಯ ಪ್ರಾಡಕ್ಟ್?" ಉತ್ತರ ಬರವಣಿಗೆಯಲ್ಲಿ ಬಂದರೆ ಮುಂದೆ ನಿಮ್ಮ ಕೈಯಲ್ಲಿರುವ ಅತ್ಯಂತ ಬೆಲೆಬಾಳುವ ಸಾಕ್ಷಿ ಅದೇ.

ಜಿಎಸ್‌ಟಿ ವಿಷಯಕ್ಕೆ ಬಂದರೆ, 2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಗಳ ತೆರಿಗೆ 18ರಿಂದ ಶೇ 5ಕ್ಕೆ ಇಳಿದಿದೆ. ಈಗಲೂ ಯಾರಾದರೂ 18 ಹಾಕುತ್ತಿದ್ದರೆ ಕೇಳುವ ಹಕ್ಕು ನಿಮಗಿದೆ. ನೋಂದಣಿಯೇ ಇಲ್ಲದ ಸಣ್ಣ ಪಾರ್ಲರ್ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಬಿಲ್ಲಿನಲ್ಲಿ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಅನುಮಾನ ಬಂದರೆ ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆ ಹಾಕಿ ನೋಡಿದರೆ ಯಾರ ಹೆಸರಿನದ್ದೆಂದು ಬರುತ್ತದೆ.

ದುಡ್ಡನ್ನು ಯುಪಿಐನಲ್ಲೇ ಕೊಡಿ. ನಗದು ಕೊಟ್ಟರೆ ನೀವು ಆ ಅಂಗಡಿಗೆ ಹೋಗಿದ್ದಿರಿ ಎಂಬುದನ್ನೇ ಸಾಬೀತು ಮಾಡಬೇಕಾಗುತ್ತದೆ.

2. ನಿಮ್ಮ ತಲೆಯ ಚರಿತ್ರೆ ಹೇಳಿ, ಮುಚ್ಚಿಡಬೇಡಿ

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಿಳಿ ಕೂದಲಿಗೆ ಮೆಹೆಂದಿ ಹಚ್ಚುವುದು ತಿಂಗಳ ಕಾರ್ಯಕ್ರಮ. ಅದನ್ನು ಯಾರೂ "ಕೆಮಿಕಲ್" ಅಂದುಕೊಳ್ಳುವುದಿಲ್ಲವಾದ್ದರಿಂದ ಪಾರ್ಲರಿನಲ್ಲಿ "ತಲೆಗೆ ಏನಾದರೂ ಹಾಕಿದೀರಾ?" ಎಂದರೆ "ಏನೂ ಇಲ್ಲ" ಎಂದುಬಿಡುತ್ತಾರೆ. ಆಮೇಲೆ ಅದರ ಮೇಲೆ ಬ್ಲೀಚ್ ಹಾಕಿ ಬಣ್ಣ ತೆಗೆಯಲು ಹೋದರೆ ಮೆಹೆಂದಿಯ ಬಣ್ಣ ಪೂರ್ತಿ ಬಿಡದೆ ಕಿತ್ತಳೆಯಲ್ಲಿ ನಿಲ್ಲುತ್ತದೆ. ಇನ್ನು ಅಂಗಡಿಯ ಕೆಲವು "ಮೆಹೆಂದಿ" ಪುಡಿಗಳಲ್ಲಿ ಲೋಹದ ಲವಣಗಳು ಬೆರೆತಿರುತ್ತವೆ. ಅವು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದರೆ ಬಿಸಿ ಹುಟ್ಟಿ ಕೂದಲು ಎಳೆಎಳೆಯಾಗಿ ಕೈಗೆ ಬರಬಹುದು. ಕಪ್ಪು ಮೆಹೆಂದಿ ಎಂದು ಮಾರುವ ಪುಡಿಗಳಲ್ಲಿ ಕಪ್ಪು ಬಣ್ಣ ಬರುವುದು ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕದಿಂದ, ಗಿಡದ ಎಲೆಯಿಂದಲ್ಲ.

ಹೇಳಲೇಬೇಕಾದವು ಇಷ್ಟು: ಹಿಂದಿನ ಒಂದು ವರ್ಷದಲ್ಲಿ ಹಚ್ಚಿದ ಬಣ್ಣ, ಮೆಹೆಂದಿ, ಸ್ಮೂತನಿಂಗ್, ಕೆರಾಟಿನ್, ಹಿಂದೆ ಯಾವುದಾದರೂ ಡೈಯಿಂದ ತುರಿಕೆ ಆಗಿದ್ದರೆ ಅದು, ಗರ್ಭಿಣಿಯಾಗಿದ್ದರೆ ಅದು, ಮೊಡವೆಗೆ ಟ್ರೆಟಿನಾಯಿನ್ ಅಥವಾ ಅಡಾಪಲೀನ್ ಕ್ರೀಮ್ ಹಚ್ಚುತ್ತಿದ್ದರೆ, ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು. ಈ ಕೊನೆಯದು ವ್ಯಾಕ್ಸಿಂಗಿಗೆ ಬಹಳ ಮುಖ್ಯ. ಈ ಔಷಧಗಳಿಂದ ಚರ್ಮದ ಮೇಲ್ಪದರ ತೆಳುವಾಗಿರುತ್ತದೆ, ವ್ಯಾಕ್ಸ್ ಪಟ್ಟಿ ಎಳೆದಾಗ ಕೂದಲಿನ ಜೊತೆ ಚರ್ಮವೂ ಬರುತ್ತದೆ. ಮೇಲ್ತುಟಿಯ ಮೇಲೆ ಮೀಸೆಯಾಕಾರದ ಕೆಂಪು ಗಾಯ ಮಾಡಿಕೊಂಡು ಚರ್ಮದ ಡಾಕ್ಟರ ಬಳಿ ಓಡುವುದು ಹೀಗೆಯೇ. ಮಾತ್ರೆ ನಿಲ್ಲಿಸಿದ ಮೇಲೂ ಎಷ್ಟು ತಿಂಗಳು ಕಾಯಬೇಕೆಂದು ಡಾಕ್ಟರನ್ನೇ ಕೇಳಿ.

3. ಪ್ಯಾಚ್ ಟೆಸ್ಟ್: ಯಾರೂ ಮಾಡದ, ಎಲ್ಲರೂ ಮಾಡಬೇಕಾದ ಕೆಲಸ

ಹೇರ್ ಡೈ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆ ಇರುತ್ತದೆ. ಕೆಲವರಿಗೆ ಚರ್ಮ ಉರಿಯಬಹುದು, ಮೊದಲು ಪರೀಕ್ಷೆ ಮಾಡಿ, ಹುಬ್ಬು ರೆಪ್ಪೆಗಳಿಗೆ ಹಚ್ಚಬೇಡಿ, ಕಣ್ಣು ಹೋಗಬಹುದು ಎಂದು. ಇದು ಕಂಪನಿಯ ಔದಾರ್ಯವಲ್ಲ, ಪಿಪಿಡಿ ಇರುವ ಡೈಗಳಿಗೆ ಭಾರತದ ಕಾನೂನೇ ಇದನ್ನು ಕಡ್ಡಾಯ ಮಾಡಿದೆ. ಆದರೂ "ಹುಬ್ಬಿಗೂ ಒಂಚೂರು ಟಚ್ ಮಾಡಿಬಿಡ್ಲಾ ಅಕ್ಕಾ?" ಎಂದು ಕೇಳುವವರಿದ್ದಾರೆ. ಬೇಡ ಎನ್ನಿ.

ಮಾಡುವುದು ಹೀಗೆ. ಎರಡು ದಿನ ಮೊದಲು ಪಾರ್ಲರಿಗೆ ಹೋಗಿ, ನಿಮಗೆ ಹಚ್ಚಲಿರುವ ಅದೇ ಶೇಡನ್ನು, ಅದೇ ಡೆವಲಪರ್ (ಡೈಗೆ ಬೆರೆಸುವ ಪೆರಾಕ್ಸೈಡ್ ದ್ರವ) ಜೊತೆ ಕಲಸಿ, ಕಿವಿಯ ಹಿಂದೆ ಅಥವಾ ಮೊಣಕೈ ಒಳಮಡಿಕೆಯಲ್ಲಿ ಕಡಲೆಬೇಳೆಯಷ್ಟು ಜಾಗಕ್ಕೆ ಹಚ್ಚಿಸಿಕೊಳ್ಳಿ. ಒಣಗಲು ಬಿಡಿ. ಎಷ್ಟು ಹೊತ್ತು ಇಡಬೇಕೆಂಬುದನ್ನು ಡಬ್ಬಿಯ ಸೂಚನೆಯಂತೆ ಮಾಡಿ ತೊಳೆಯಿರಿ. ತೊಳೆದ ತಕ್ಷಣ ಏನೂ ಇಲ್ಲವೆಂದು ನಿರಾಳವಾಗಬೇಡಿ. ಪಿಪಿಡಿ ಅಲರ್ಜಿ ನಿಧಾನಕ್ಕೆ ತಲೆಯೆತ್ತುವಂಥದ್ದು, ಎರಡನೇ ದಿನ ಕೆಂಪಗಾಗಿ, ಸಣ್ಣ ನೀರ್ಗುಳ್ಳೆ ಎದ್ದು ತುರಿಸುವುದೂ ಉಂಟು. ಹಾಗಾಗಿ 48 ಗಂಟೆ ಕಾಯಿರಿ. ಹತ್ತು ವರ್ಷದಿಂದ ಹಚ್ಚುತ್ತಿದ್ದ ಡೈಗೇ ಹನ್ನೊಂದನೇ ವರ್ಷ ಅಲರ್ಜಿ ಶುರುವಾಗಬಹುದು, "ನಂಗೆ ಯಾವತ್ತೂ ಆಗಿಲ್ಲ" ಎನ್ನುವುದು ಇಲ್ಲಿ ನಡೆಯುವುದಿಲ್ಲ.

ಪಾರ್ಲರಿನವರು "ಅದೆಲ್ಲಾ ಬೇಡ ಮೇಡಂ, ನಮ್ದು ಅಮೋನಿಯಾ ಫ್ರೀ" ಅಂದರೆ? ಅಮೋನಿಯಾ ಇಲ್ಲ ಎಂದರೆ ಪಿಪಿಡಿ ಇಲ್ಲ ಎಂದಲ್ಲ. ಅವೆರಡೂ ಬೇರೆ ಬೇರೆ. ಡಬ್ಬಿ ತೋರಿಸಲು ಕೇಳಿ, ಹಿಂಬದಿಯ ಫೋಟೋ ತೆಗೆದುಕೊಳ್ಳಿ.

4. ಕೆರಾಟಿನ್, ಸ್ಮೂತನಿಂಗ್, ರೀಬಾಂಡಿಂಗ್

ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮಾರುತ್ತಾರೆ, ಆದರೆ ಕೆಲಸ ಬೇರೆ. ರೀಬಾಂಡಿಂಗ್ ಮತ್ತು ಸ್ಮೂತನಿಂಗಿನಲ್ಲಿ ಕೂದಲಿನ ಒಳಗಿನ ಗಂಧಕದ ಬಂಧಗಳನ್ನು ರಾಸಾಯನಿಕದಿಂದ ಮುರಿದು, ನೇರ ಮಾಡಿ, ಮತ್ತೆ ಕೂಡಿಸುತ್ತಾರೆ. ಕ್ರೀಮ್ ಹೆಚ್ಚು ಹೊತ್ತು ಇಟ್ಟರೆ ಮುರಿದದ್ದು ಕೂಡುವುದಿಲ್ಲ. ಒಂದು ಸಲ ಮಾಡಿಸಿದ ಕೂದಲಿನ ಮೇಲೆ ಆರು ತಿಂಗಳಿಗೆ ಮತ್ತೆ ಬುಡದಿಂದ ತುದಿಯವರೆಗೆ ಹಚ್ಚಿಸಿದರೆ ತುದಿ ತೆಂಗಿನ ನಾರಾಗುತ್ತದೆ. ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕು.

ಕೆರಾಟಿನ್ ಮೇಲಿನ ಲೇಪ. ಅದರಲ್ಲಿನ ತೊಂದರೆ ಹೊಗೆಯದ್ದು. ಹಲವು ಉತ್ಪನ್ನಗಳಲ್ಲಿ ಫಾರ್ಮಾಲ್ಡಿಹೈಡ್, ಇಲ್ಲವೇ ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುವ ಮೆಥಿಲೀನ್ ಗ್ಲೈಕಾಲ್ ಇರುತ್ತದೆ. ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಕಣ್ಣಲ್ಲಿ ನೀರು, ಗಂಟಲು ಕೆರೆತ, ಎದೆ ಬಿಗಿತ ಬಂದರೆ "ಸ್ವಲ್ಪ ಸ್ಮೆಲ್ ಇರತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವ ಮಾತಿಗೆ ಕಿವಿಗೊಡದೆ ಎದ್ದು ಹೊರಗೆ ಬನ್ನಿ. ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ಈ ಕೆಲಸ ಮಾಡಿಸಲೇಬೇಡಿ. ದಿನವಿಡೀ ಅದೇ ಹೊಗೆ ಕುಡಿಯುವವರು ಅಲ್ಲಿನ ಕೆಲಸದವರು ಎನ್ನುವುದನ್ನೂ ನೆನಪಿಡಿ.

"ಫಾರ್ಮಾಲಿನ್ ಫ್ರೀ" (ಅಂದರೆ ಫಾರ್ಮಾಲ್ಡಿಹೈಡ್ ಇಲ್ಲದ್ದು) ಎಂದು ಬಂದ ಹೊಸ ಕ್ರೀಮುಗಳಲ್ಲಿ ಕೆಲವಕ್ಕೆ ಗ್ಲೈಆಕ್ಸಿಲಿಕ್ ಆಸಿಡ್ ಹಾಕುತ್ತಾರೆ. 2024ರಲ್ಲಿ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ 26 ವರ್ಷದ ಮಹಿಳೆಯೊಬ್ಬರ ವಿಷಯ ಬಂತು. 2020, 2021, 2022ರಲ್ಲಿ ಸ್ಟ್ರೈಟನಿಂಗ್ ಮಾಡಿಸಿದ ಮೂರೂ ಸಲ ಅವರ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು, ಕ್ರೀಮಿನಲ್ಲಿ ಈ ಆಸಿಡ್ ಇತ್ತು. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಸ್ಟ್ರೈಟನಿಂಗ್ ಆದ ಒಂದೆರಡು ದಿನದಲ್ಲಿ ವಾಂತಿ, ಬೆನ್ನುನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಡಾಕ್ಟರಿಗೆ ಇದನ್ನೂ ಹೇಳಿ. ಅವರಾಗಿ ಕೇಳುವ ಪ್ರಶ್ನೆ ಅಲ್ಲ ಅದು.

5. ಕುರ್ಚಿಯಲ್ಲಿ ಕೂತ ಮೇಲೆ

ಕಟಿಂಗಿನ ಜಗಳದಲ್ಲಿ ಮುಕ್ಕಾಲು ಪಾಲು ಇಂಚಿನ ಜಗಳ. "ಎರಡಿಂಚು ತೆಗೀರಿ" ಎನ್ನುವ ಬದಲು ಜುಟ್ಟನ್ನು ಕೈಯಲ್ಲಿ ಹಿಡಿದು ಎಲ್ಲಿಗೆ ನಿಲ್ಲಬೇಕೋ ಅಲ್ಲಿ ಬೆರಳಿಟ್ಟು ತೋರಿಸಿ: "ಇಲ್ಲಿಗೆ, ಇದಕ್ಕಿಂತ ಮೇಲೆ ಬೇಡ." ಬೆಂಗಳೂರಿನ ಸಲೂನುಗಳಲ್ಲಿ ಈಶಾನ್ಯ ರಾಜ್ಯಗಳಿಂದ, ಉತ್ತರ ಭಾರತದಿಂದ ಬಂದ ಸ್ಟೈಲಿಸ್ಟುಗಳು ಬಹಳ, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ "ಲೇಯರ್" ಎಂದದ್ದು ಇನ್ನೇನೋ ಆಗುತ್ತದೆ. ಹಾಗಾಗಿ ಬೇಕಾದದ್ದರ ಫೋಟೋ ಒಂದು, ಬೇಡವಾದದ್ದರ ಫೋಟೋ ಒಂದು ಇಟ್ಟುಕೊಳ್ಳಿ. ಬೇಡವಾದದ್ದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಗುಂಗುರು ಕೂದಲಿನವರು ಇನ್ನೂ ಹುಷಾರು. ಒದ್ದೆಯಿದ್ದಾಗ ಭುಜಕ್ಕೆ ಬಂದದ್ದು ಒಣಗಿದ ಮೇಲೆ ಕಿವಿಗೆ ಏರುತ್ತದೆ.

ಮೊದಲ ಕತ್ತರಿ ಬಿದ್ದ ಕೂದಲಿನ ತುಂಡನ್ನು ನೋಡಿ. ನೀವು ಹೇಳಿದ್ದಕ್ಕಿಂತ ಉದ್ದವಿದ್ದರೆ ಆಗಲೇ ಹೇಳಿ: "ಒಂದ್ನಿಮಿಷ ನಿಲ್ಲಿಸಿ. ನಾನು ಹೇಳಿದ್ದು ಇಷ್ಟಲ್ಲ." ಇಷ್ಟು ಹೇಳುವುದಕ್ಕೆ ಗಂಟಲು ಕಟ್ಟುತ್ತದೆ, ಗೊತ್ತು. ಆದರೆ ಪೂರ್ತಿ ಮುಗಿದ ಮೇಲೆ ಹೇಳಿದರೆ ಕೂದಲು ಅಂಟಿಸಲು ಯಾರ ಕೈಯಲ್ಲೂ ಆಗದು.

ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕತ್ತು ಸಿಕ್ಕಿಸಿ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸುತ್ತಾರಲ್ಲ, ಅದರಿಂದ ಮಿದುಳಿಗೆ ಹೋಗುವ ರಕ್ತನಾಳ ಒತ್ತಿಕೊಂಡು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ಅಮೆರಿಕದ ನರರೋಗ ತಜ್ಞರೊಬ್ಬರು 1993ರಲ್ಲೇ ಇಂಥ ಐದು ಪ್ರಕರಣ ದಾಖಲಿಸಿದ್ದರು. 2022ರಲ್ಲಿ ಹೈದರಾಬಾದಿನ ಮಹಿಳೆಯೊಬ್ಬರಿಗೂ ಹೀಗಾಗಿದ್ದು ಸುದ್ದಿಯಾಯಿತು. ಅಪರೂಪ, ನಿಜ. ಆದರೆ ಕತ್ತಿನ ಕೆಳಗೆ ಮಡಚಿದ ಟವಲ್ ಕೇಳುವುದಕ್ಕೆ ಏನೂ ಖರ್ಚಿಲ್ಲ. ಬಿಪಿ, ಶುಗರ್ ಇರುವ ಹಿರಿಯರನ್ನು ಕರೆದುಕೊಂಡು ಹೋದಾಗ ಇದನ್ನು ನೀವೇ ನೋಡಿಕೊಳ್ಳಿ. ತಲೆಸುತ್ತು, ವಾಕರಿಕೆ ಅಂದರೆ ತಕ್ಷಣ ಎಬ್ಬಿಸಿ.

ಗಂಡಸರ ಕಟಿಂಗ್ ಶಾಪಿನಲ್ಲಿ ಇದರ ಅಣ್ಣನೊಬ್ಬ ಇದ್ದಾನೆ: ಮಸಾಜ್ ಮುಗಿಸಿ ಕತ್ತಿನ ಲಟಿಕೆ ತೆಗೆಯುವುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ಕತ್ತು ತಿರುಗಿಸಿದಾಗ ರಕ್ತನಾಳ ಹರಿದು ಪಾರ್ಶ್ವವಾಯು ಆಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. "ಅಣ್ಣಾ, ಕತ್ತು ಮಾತ್ರ ಬೇಡ" ಎಂದು ಮಸಾಜ್ ಶುರುವಾಗುವ ಮೊದಲೇ ಹೇಳಿ. ಹಾಗೇ ಬ್ಲೇಡ್: ಹೊಸದನ್ನು ನಿಮ್ಮ ಕಣ್ಣೆದುರು ಕಾಗದ ಬಿಚ್ಚಿ ಹಾಕಬೇಕು. ಹೆಪಟೈಟಿಸ್ ಬಿ, ಸಿ ಎರಡೂ ರಕ್ತದಿಂದ ಹರಡುವಂಥವು. ಟ್ರಿಮ್ಮರಿನಿಂದ ಹುಳುಕಡ್ಡಿ ಅಂಟುವುದು ಇನ್ನೂ ಸಾಮಾನ್ಯ.

ವ್ಯಾಕ್ಸನ್ನು ಅವರು ಮೊದಲು ತಮ್ಮ ಮಣಿಕಟ್ಟಿನ ಮೇಲೆ ಹಚ್ಚಿ ಬಿಸಿ ನೋಡಬೇಕು, ಆಮೇಲೆ ನಿಮಗೆ. ನೋಡದಿದ್ದರೆ "ಸ್ವಲ್ಪ ಇಲ್ಲಿ ಹಾಕಿ" ಎಂದು ನಿಮ್ಮ ಕೈ ಚಾಚಿ.

6. ಅನಾಹುತ ಆಗಿಯೇ ಹೋಯಿತು: ಮೊದಲ ಗಂಟೆ

ಉಸಿರಾಟಕ್ಕೆ ಕಷ್ಟ, ತುಟಿ, ನಾಲಿಗೆ, ಕಣ್ಣು ಊದುವುದು ಕಂಡರೆ ಬೇರೇನೂ ಯೋಚಿಸಬೇಡಿ, 108. ಮುಖ ಒಂದು ಕಡೆ ಜಾರಿದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಅದೇ ಸಂಖ್ಯೆ, ಅಥವಾ ಸ್ಟ್ರೋಕ್ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ.

ಬ್ಲೀಚ್, ಡೈ, ಕ್ರೀಮು ಉರಿಯುತ್ತಿದ್ದರೆ ತೊಳೆಯಿರಿ, ಹರಿಯುವ ತಣ್ಣೀರಿನಲ್ಲಿ, ಧಾರಾಳವಾಗಿ. "ಇನ್ನೈದು ನಿಮಿಷ, ಬಣ್ಣ ಕೂತ್ಕೊಳ್ಳಲ್ಲ" ಎನ್ನುತ್ತಾರೆ. ಬಣ್ಣ ಹಾಳಾಗಲಿ. ವ್ಯಾಕ್ಸ್ ಅಥವಾ ಐರನ್ ಸುಟ್ಟರೆ 20 ನಿಮಿಷ ಹರಿಯುವ ನೀರಿಗೆ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಕೊಬ್ಬರಿ ಎಣ್ಣೆ, ಅರಿಶಿನ ಯಾವುದೂ ಬೇಡ. ಕಣ್ಣಿಗೆ ಹೋದರೆ ರೆಪ್ಪೆ ಬಿಡಿಸಿ ಹಿಡಿದು 15–20 ನಿಮಿಷ ತೊಳೆದು ಕಣ್ಣಿನ ಡಾಕ್ಟರ ಬಳಿ ಹೋಗಿ.

ಆಮೇಲೆ ಸಾಕ್ಷಿ. ಅಲ್ಲೇ, ಅದೇ ಬೆಳಕಿನಲ್ಲಿ ಫೋಟೋ: ಹತ್ತಿರದಿಂದ ಒಂದು, ಮುಖ ಕಾಣುವಂತೆ ಒಂದು, ಬಳಸಿದ ಟ್ಯೂಬ್ ಡಬ್ಬಿಗಳ ಎರಡೂ ಬದಿ. ಕೈಗೆ ಬಂದ ಕೂದಲಿದ್ದರೆ ಕಾಗದದಲ್ಲಿ ಸುತ್ತಿ ಇಟ್ಟುಕೊಳ್ಳಿ. ಬಿಲ್ಲು ಕೇಳಿ. ಕೊಡದಿದ್ದರೆ "ಬಿಲ್ಲು ಕಳಿಸಿ" ಎಂದು ಅಲ್ಲಿಂದಲೇ ವಾಟ್ಸಾಪ್ ಮಾಡಿ, ಆ ಸಂದೇಶವೇ ದಾಖಲೆ. ಮರುದಿನವೇ ಚರ್ಮರೋಗ ತಜ್ಞರನ್ನು ಕಂಡು, ಚೀಟಿಯಲ್ಲಿ "ಇಂಥ ದಿನ ಸಲೂನಿನಲ್ಲಿ ಮಾಡಿಸಿದ ಇಂಥ ಕೆಲಸದ ನಂತರ" ಎಂದು ಬರೆದುಕೊಡಲು ಕೇಳಿ. ಅಷ್ಟು ಪದಗಳಿಲ್ಲದ ಚೀಟಿ ಮುಂದೆ ಕೇಸಿನಲ್ಲಿ ಬರೀ ತುರಿಕೆಯ ಚೀಟಿಯಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಡಿಸಿದವರು "ಈಗಲೇ ಸರಿ ಮಾಡ್ಕೊಡ್ತೀವಿ, ಫ್ರೀ" ಎಂದು ಮತ್ತೊಂದು ಕೆಮಿಕಲ್ ಕೈಗೆತ್ತಿಕೊಂಡರೆ ಒಪ್ಪಬೇಡಿ. ಕಿತ್ತಳೆಯಾದ ತಲೆಗೆ ಅದೇ ದಿನ ಇನ್ನೊಂದು ಬ್ಲೀಚ್ ಹಾಕಿಸಿಕೊಂಡು, ಬಣ್ಣದ ಸಮಸ್ಯೆಯನ್ನು ಬೋಳಾಗುವ ಸಮಸ್ಯೆ ಮಾಡಿಕೊಂಡವರಿದ್ದಾರೆ. ಕಟಿಂಗ್ ಓರೆಯಾಗಿದ್ದರೆ ಸರಿ ಮಾಡಿಸಬಹುದು, ಅದೂ ಬೇರೆ ಹಿರಿಯ ಸ್ಟೈಲಿಸ್ಟಿನ ಕೈಲಿ. ರಾಸಾಯನಿಕ ಮಾತ್ರ ಅದೇ ದಿನ ಬೇಡ.

7. ಮಾಲೀಕರ ಜೊತೆ ಮಾತು

ಕೆಲಸ ಮಾಡಿದ ಹುಡುಗಿಯ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ದುಡ್ಡು ವಾಪಸ್ ಕೊಡುವ ಅಧಿಕಾರ ಅವಳಿಗಿರುವುದಿಲ್ಲ, ಹೆಚ್ಚೆಂದರೆ ಅವಳ ಸಂಬಳದಲ್ಲಿ ಹಿಡಿಯುತ್ತಾರೆ. ಮ್ಯಾನೇಜರ್ ಅಥವಾ ಮಾಲೀಕರ ಜೊತೆಗೇ ಮಾತಾಡಿ, ಆಮೇಲೆ ಅದನ್ನೇ ಬರೆದು ಕಳಿಸಿ. ಹೀಗಿರಲಿ:

"ನಮಸ್ಕಾರ. ದಿನಾಂಕ ____ರಂದು ನಿಮ್ಮಲ್ಲಿ ____ ಮಾಡಿಸಿ ₹____ ಪಾವತಿಸಿದ್ದೇನೆ (ಬಿಲ್ ಸಂಖ್ಯೆ ____). ಪ್ಯಾಚ್ ಟೆಸ್ಟ್ ಮಾಡಿರಲಿಲ್ಲ. ಉರಿಯುತ್ತಿದೆ ಎಂದು ಹೇಳಿದ ಮೇಲೂ ತೊಳೆಯಲಿಲ್ಲ. ನೆತ್ತಿಯ ಮೇಲೆ ಸುಟ್ಟ ಗಾಯವಾಗಿದೆ ಎಂದು ವೈದ್ಯರು ಬರೆದಿದ್ದಾರೆ, ಫೋಟೋ ಮತ್ತು ಚೀಟಿ ಲಗತ್ತಿಸಿದ್ದೇನೆ. ಕೊಟ್ಟ ಹಣ ಹಾಗೂ ಚಿಕಿತ್ಸೆಯ ಖರ್ಚು ₹____ ಅನ್ನು 15 ದಿನದೊಳಗೆ ಕೊಡಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ."

ಬೈಗುಳ ಬೇಡ, ಊಹೆ ಬೇಡ. ಆನ್‌ಲೈನ್ ರಿವ್ಯೂ ಹಾಕುವುದಾದರೂ ಇದೇ ನಿಯಮ: ಆದದ್ದು, ದಿನಾಂಕ, ಫೋಟೋ. "ಕಳ್ಳರು, ಮೋಸಗಾರರು" ಎಂದು ಬರೆದರೆ ಮಾನನಷ್ಟದ ನೋಟಿಸ್ ನಿಮಗೇ ಬರಬಹುದು.

"ದುಡ್ಡು ವಾಪಸ್ ಇಲ್ಲ ಅಂತ ಬಿಲ್ಲಲ್ಲೇ ಪ್ರಿಂಟ್ ಆಗಿದೆ ನೋಡಿ" ಎನ್ನುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ, ಕೊರತೆಯ ಸೇವೆಗೆ ಹಣ ಹಿಂದಿರುಗಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನ ಕೆಳಗಿನ ಒಂದು ಸಾಲು ಆ ಕಾಯ್ದೆಯನ್ನು ಅಳಿಸುವುದಿಲ್ಲ. ಹಾಗೆಂದು ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂಬುದು ಕೊರತೆಯಾಗದು. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಂದು ತೋರಿಸಲು ಆಗಬೇಕು.

ಆ್ಯಪಿನಲ್ಲಿ ಬುಕ್ ಮಾಡಿ ಮನೆಗೆ ಕರೆಸಿಕೊಂಡಿದ್ದರೆ ದೂರನ್ನು ಆ್ಯಪಿನ ಮೂಲಕವೇ ಕೊಡಿ. ಇ-ಕಾಮರ್ಸ್ ನಿಯಮಗಳಂತೆ ಅವರ ದೂರು ಅಧಿಕಾರಿ 48 ಗಂಟೆಯಲ್ಲಿ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. "ಮುಂದಿನ ಸಲ ನನಗೇ ಡೈರೆಕ್ಟಾಗಿ ಕಾಲ್ ಮಾಡಿ ಅಕ್ಕಾ, ಕಮ್ಮಿಗೆ ಮಾಡ್ತೀನಿ" ಎನ್ನುವ ಮಾತಿಗೆ ಒಪ್ಪಿದರೆ ಈ ರಕ್ಷಣೆ ಹೋಗುತ್ತದೆ.

ಪ್ಯಾಕೇಜುಗಳ ಬಗ್ಗೆ ನನ್ನ ಅಭಿಪ್ರಾಯ ಸರಳ: ಬೇಡ. 10 ಸಿಟ್ಟಿಂಗಿಗೆ ಮುಂಗಡ ಕಟ್ಟಿಸಿಕೊಂಡು ಮೂರನೆಯದಕ್ಕೆ ಅಂಗಡಿ ಮುಚ್ಚಿದರೆ ಓಡಾಟ ನಿಮ್ಮದೇ. ಲೇಸರ್, ಇಂಜೆಕ್ಷನ್, ಡ್ರಿಪ್ ಇತ್ಯಾದಿಗಳಂತೂ ಪಾರ್ಲರಿನ ಕೆಲಸವೇ ಅಲ್ಲ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಾಯಿಸಿಕೊಂಡು ಆ ಪ್ರಮಾಣಪತ್ರವನ್ನು ಕಾಣುವಂತೆ ಹಾಕಬೇಕು. "ಸ್ಕಿನ್ ಕ್ಲಿನಿಕ್" ಎಂಬ ಬೋರ್ಡಿನ ಒಳಗೆ ಆ ಪತ್ರ, ಡಾಕ್ಟರ ಹೆಸರು ಎರಡೂ ಕಾಣದಿದ್ದರೆ ತಿರುಗಿ ಬನ್ನಿ.

8. ದೂರು

ಮೊದಲು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅವರು ಆದೇಶ ಕೊಡುವವರಲ್ಲ, ನಡುವೆ ನಿಂತು ರಾಜಿಗೆ ಯತ್ನಿಸುವವರು. ದೊಡ್ಡ ಸರಣಿ ಸಲೂನುಗಳ ಜೊತೆ ಇದು ಕೆಲಸ ಮಾಡುವ ಸಂಭವ ಹೆಚ್ಚು, ಗಲ್ಲಿಯ ಪಾರ್ಲರಿನವರು ಫೋನನ್ನೇ ಎತ್ತದಿರಬಹುದು.

ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಘಟನೆಯಾದ ಎರಡು ವರ್ಷದೊಳಗೆ ದೂರು ಹಾಕಬೇಕು. ಸಲೂನಿರುವ ಊರಿಗೇ ಹೋಗಬೇಕಿಲ್ಲ, ನೀವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೂ ಹಾಕಬಹುದು. ಮದುವೆಗೆಂದು ಬೆಂಗಳೂರಿನಲ್ಲಿ ಮೇಕಪ್ ಮಾಡಿಸಿಕೊಂಡ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮೂರು ತಿಂಗಳಲ್ಲಿ ತೀರ್ಮಾನ ಎಂದು ಕಾಯ್ದೆ ಹೇಳುತ್ತದೆ, ನಿಜದಲ್ಲಿ ಅದಕ್ಕಿಂತ ತಾಳ್ಮೆ ಬೇಕು.

ಎಷ್ಟು ಕೇಳಬೇಕು? ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ 2018ರಲ್ಲಿ ಹೇಳಿದ್ದಕ್ಕಿಂತ ತೀರಾ ಗಿಡ್ಡವಾಗಿ ಕೂದಲು ಕತ್ತರಿಸಿದ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಎಲ್ಲರೂ ಆ ಸುದ್ದಿಯನ್ನು ನೆನಪಿಟ್ಟುಕೊಂಡಿದ್ದಾರೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಮೊತ್ತವನ್ನು ಬದಿಗಿಟ್ಟು, ನಷ್ಟಕ್ಕೆ ದಾಖಲೆ ಎಲ್ಲಿ ಎಂದು ಕೇಳಿ ಪ್ರಕರಣವನ್ನು ವಾಪಸ್ ಕಳಿಸಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಕೆಲಸ ಹೋಯಿತು ಎನ್ನುವುದಾದರೆ ಆ ಕೆಲಸದ ಪತ್ರ, ಹಿಂದಿನ ಆದಾಯದ ಲೆಕ್ಕ ಬೇಕು. ಕೊಟ್ಟ ಹಣ, ಚಿಕಿತ್ಸೆಯ ಬಿಲ್ಲು, ಮಾನಸಿಕ ಯಾತನೆಗೆ ಒಂದು ಮಿತವಾದ ಮೊತ್ತ, ದೂರಿನ ಖರ್ಚು: ಹೀಗೆ ಬಿಡಿಸಿ ಕೇಳಿದರೆ ಸಿಗುವ ಸಂಭವ ಹೆಚ್ಚು. 300 ರೂಪಾಯಿಯ ಓರೆ ಕಟಿಂಗಿಗೆ ಆಯೋಗಕ್ಕೆ ಹೋಗುವುದು ನಿಮ್ಮ ಹಕ್ಕೇ, ಆದರೆ ನನ್ನನ್ನು ಕೇಳಿದರೆ ಅದಕ್ಕೆ ಒಂದು ನೇರ ರಿವ್ಯೂ ಸಾಕು.

ಮೈಮುಟ್ಟುವ ರೀತಿ ಸರಿಯಿಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ ಕ್ಯಾಮೆರಾ ಇದೆ ಅನ್ನಿಸಿದರೆ ಅದು ಗ್ರಾಹಕರ ದೂರಲ್ಲ, ಅಪರಾಧ. 112ಕ್ಕೆ ಕರೆ ಮಾಡಿ. ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಬರೆಸಬಹುದು. ಮ್ಯಾನೇಜರ್ ಜೊತೆ ಪಂಚಾಯಿತಿ ಮಾಡುತ್ತಾ ಕೂತರೆ ಸಿಸಿಟಿವಿ ಅಳಿಸಲು ಅವರಿಗೆ ಸಮಯ ಕೊಟ್ಟಂತೆ.

9. ಮದುವೆ ಮೇಕಪ್ ಬೇರೆಯೇ ಲೋಕ

ಮುಹೂರ್ತ ಬೆಳಗಿನ ಆರೂವರೆಗೆ. ಮೇಕಪ್‌ನವರು ಮೂರೂವರೆಗೆ ಬರಬೇಕು. ಬರಲಿಲ್ಲ, ಫೋನ್ ಸ್ವಿಚಾಫ್. ಅಥವಾ ಬಂದದ್ದು ಬುಕ್ ಮಾಡಿದವರಲ್ಲ, ಅವರ ಅಸಿಸ್ಟೆಂಟ್. ಈ ಎರಡೇ ದೂರುಗಳು ಹೆಚ್ಚು. ಅಡ್ವಾನ್ಸ್ ಕೊಡುವಾಗ ಒಂದು ಸಂದೇಶದಲ್ಲಿ ಇಷ್ಟನ್ನೂ ಒಪ್ಪಿಸಿಕೊಳ್ಳಿ: ಯಾರು ಖುದ್ದಾಗಿ ಬರುತ್ತಾರೆ, ಎಷ್ಟು ಗಂಟೆಗೆ, ಎಷ್ಟು ಲುಕ್, ಮೊಗ್ಗಿನ ಜಡೆ ಅವರು ತರುತ್ತಾರೋ ನೀವೋ, ಸೀರೆ ಉಡಿಸುವುದು ಸೇರಿದೆಯೋ, ಅಮ್ಮ ಅತ್ತಿಗೆಯರ ಮೇಕಪ್ ತಲೆಗೆ ಎಷ್ಟು, ಬಾರದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ. ಟ್ರಯಲ್ ದಿನ ಹಚ್ಚಿದ್ದನ್ನು ಆರು ಗಂಟೆ ತೊಳೆಯದೆ ಇಟ್ಟುಕೊಂಡು, ಬಿಸಿಲಲ್ಲಿ ಒಮ್ಮೆ ಓಡಾಡಿ. ಹೋಮದ ಹೊಗೆ, ಶಾಖದೆದುರು ಕೂರುವ ಮುಖ ಅದು. ಮದುವೆಗೆ ಮೂರು ದಿನ ಇರುವಾಗ ಹೊಸ ಫೇಶಿಯಲ್, ಹೊಸ ಬ್ಲೀಚ್ ಏನೂ ಬೇಡ. ಮಾಡಿಸುವುದಾದರೆ ಒಂದು ತಿಂಗಳು ಮೊದಲೇ ಒಮ್ಮೆ ಮಾಡಿಸಿ ಚರ್ಮ ಹೇಗೆ ತಾಳುತ್ತದೆ ನೋಡಿಕೊಳ್ಳಿ.

10. ಕೆಟ್ಟ ಕೂದಲಿನ ಜೊತೆ ಮುಂದಿನ ತಿಂಗಳುಗಳು

ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಸುಟ್ಟ ಎಳೆಯನ್ನು ಯಾವ ಸ್ಪಾ, ಯಾವ ಸೀರಮ್ಮೂ ಮೊದಲಿನಂತೆ ಮಾಡುವುದಿಲ್ಲ, ನುಣುಪು ಕಾಣಿಸಬಹುದು ಅಷ್ಟೇ. ಆರು ವಾರಕ್ಕೊಮ್ಮೆ ತುದಿ ತೆಗೆಸುತ್ತಾ, ಐರನ್ ಮುಟ್ಟದೆ, ಒದ್ದೆ ಕೂದಲನ್ನು ಬಿಗಿ ಜಡೆ ಹಾಕದೆ ಕಾಯುವುದೇ ದಾರಿ. ಬುಡದಿಂದಲೇ ಉದುರುತ್ತಿದ್ದರೆ, ನೆತ್ತಿಯಲ್ಲಿ ಬೋಳು ಚುಕ್ಕೆ ಕಂಡರೆ ಮಾತ್ರ ಕಾಯಬೇಡಿ, ಚರ್ಮದ ಡಾಕ್ಟರ ಬಳಿ ಹೋಗಿ. ಎರಡು ಮೂರು ತಿಂಗಳ ನಂತರ ಶುರುವಾಗುವ ಉದುರುವಿಕೆಯೂ ಇದೆ. ಆಗ ಪಾರ್ಲರಿನ ವಿಷಯ ಹೇಳುವುದನ್ನು ಮರೆಯಬೇಡಿ.

ಹೊಸ ಸಲೂನಿಗೆ ಹೋಗುವಾಗ ಹಳೆಯ ಡಬ್ಬಿಯ ಫೋಟೋ ತೋರಿಸಿ, ಯಾವ ತಿಂಗಳು ಏನು ಹಚ್ಚಿದ್ದರು ಎಂದು ಹೇಳಿ, ಕತ್ತಿನ ಹಿಂದೆ ಕಾಣದ ಒಂದು ಎಳೆಯ ಮೇಲೆ ಮೊದಲು ಹಚ್ಚಿ ನೋಡಲು ಕೇಳಿ. "ಅಯ್ಯೋ, ಯಾರು ಮೇಡಂ ಹಿಂಗೆ ಮಾಡಿದ್ದು?" ಎಂದು ಮೊದಲಿನವರನ್ನು ಬೈಯುತ್ತಾ ಅದೇ ಉಸಿರಿನಲ್ಲಿ 8,000ದ ರಿಪೇರಿ ಪ್ಯಾಕೇಜ್ ಹೇಳಿದವರ ಹತ್ತಿರ ಆ ದಿನ ಏನೂ ಮಾಡಿಸಬೇಡಿ. ಕೂದಲನ್ನು ಬೆರಳಲ್ಲಿ ಎಳೆದು ನೋಡಿ, "ಇದಕ್ಕೆ ಮೂರು ತಿಂಗಳು ಏನೂ ಹಾಕಬೇಡಿ" ಎಂದು ಹೇಳಿ ಬರೀ ಕಟಿಂಗಿನ ದುಡ್ಡು ತೆಗೆದುಕೊಂಡವರು ಸಿಕ್ಕರೆ, ಅವರ ನಂಬರ್ ಸೇವ್ ಮಾಡಿಕೊಳ್ಳಿ.